ಅದೇ ವಧು, ಅದೇ ತಾರೀಖು, ಬೇರೆ ವರ

ನೆರಿಡಾ ವಿಮಾನ ನಿಲ್ದಾಣದ ಮುಂದೆ ಕಾರು ನಿಲ್ಲಿಸಿ, ಇಳಿದು ಒಳಗೆ ಹೋಗುವುದೋ ಕೂತಲ್ಲೇ ಕಾಯುವುದೋ ತಿಳಿಯದೆ ಸೀಟ್‌ಬೆಲ್ಟು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಒಳಗೆ ಹೋಗಿ ಬಾಗಿಲಲ್ಲಿ ನಿಂತರೆ ಅತಿಯಾದ ಆದರವಾಗುತ್ತದೆ, ಇಷ್ಟೊಂದು ಆದರ ಯಾಕೆ ಎಂದು ಬರುವವನಿಗೆ ಅನ್ನಿಸಬಹುದು. ಕಾರಿನಲ್ಲೇ ಕೂತರೆ ಉಡಾಫೆ. ತಾನು ಆಡಿದ್ದನ್ನು ಅವನು ಆ ದಿನ ಕೇಳಿಸಿಕೊಂಡಿದ್ದೇ ಆದರೆ ಈ ಉಡಾಫೆ ಅದರ ಮುಂದುವರಿದ ಭಾಗ. ಕೇಳಿಸಿಕೊಂಡಿದ್ದನೇ? ಮೂರು ವಾರದಿಂದ ಹಲ್ಲುಜ್ಜುವಾಗ, ಮೊಟ್ಟೆ ಬೇಯಿಸುವಾಗ, ಟ್ರಾಫಿಕ್ ದೀಪ ಕೆಂಪಾದಾಗ ಅವಳು ತನ್ನನ್ನು ತಾನೇ ಕೇಳಿಕೊಂಡಿದ್ದು ಇದೊಂದೇ ಪ್ರಶ್ನೆ. ಬೆಳಿಗ್ಗೆ ಮೆರ್ವ್ ಫೋನ್ ಮಾಡಿ, “ಆ ಮೆಲ್ಬರ್ನಿನ ಮನುಷ್ಯನ್ನ ನೀನೇ ಹೋಗಿ ಕರ್ಕೊಂಡು ಬಾ ನೆರಿ, ನಿನ್ನ ಜೊತೆ ಮಾತಾಡಿದ್ರೆ ಎಂಥವನೂ ಹಗುರ ಆಗ್ತಾನೆ” ಎಂದಾಗ ಅವಳು ಎಂದಿನಂತೆ ಏನೋ ಒಂದು ಚಟಾಕಿ ಹಾರಿಸಿ ಒಪ್ಪಿಕೊಂಡಿದ್ದಳು. ಈಗ ಆ ಚಟಾಕಿ ಏನೆಂಬುದೂ ನೆನಪಿರಲಿಲ್ಲ. ಬೇಲಿಯಾಚೆ ಕುರಿಗಳು ವಿಮಾನದ ಸದ್ದಿಗೂ ತಲೆಯೆತ್ತದೆ ಮೇಯುತ್ತಿದ್ದವು. ಅವುಗಳನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮೆರ್ವ್‌ನದು ಬಾಡಿಗೆಯ ವ್ಯಾಪಾರ. ಲಾನ್ಸೆಸ್ಟನ್ನಿನ ಸುತ್ತಮುತ್ತ ಎಲ್ಲಿ ಮದುವೆಯಾದರೂ, ಕುದುರೆ ಓಡಿದರೂ, ವೈನ್ ಮೇಳ ನಡೆದರೂ ಶಾಮಿಯಾನ, ಕುರ್ಚಿ, ಮೊಬೈಲ್ ಟಾಯ್ಲೆಟ್ಟು ಅವನದೇ. ಆರ್ಡರು ಹಿಡಿಯುವ ಸಾಫ್ಟ್‌ವೇರ್ ಒಂದು, ಲೆಕ್ಕದ್ದು ಇನ್ನೊಂದು, ಲಾರಿ ಕಳಿಸುವುದು ಮತ್ತೊಂದು. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಕೊಂಡದ್ದು, ಒಂದರಲ್ಲಿ ಆದದ್ದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮುರಿದುಬಿದ್ದ ಮದುವೆಯೊಂದಕ್ಕೆ ಬೆಳ್ಳಂಬೆಳಿಗ್ಗೆ ಲಾರಿ ಹೋಗಿ ನಿಂತುಬಿಟ್ಟಿತ್ತು, ಹುಡುಗಿ ರಾತ್ರಿಯ ಅಂಗಿಯಲ್ಲೇ ಬಾಗಿಲು ತೆಗೆದು, ಸಾಲಾಗಿ ಇಳಿಯುತ್ತಿದ್ದ ಬಿಳಿ ಕುರ್ಚಿಗಳನ್ನು ನೋಡಿ ಬಾಗಿಲು ಹಾಕಿಕೊಂಡಿದ್ದಳು. ಅವಳ ಅಪ್ಪ ಮಾತ್ರ ಹೊರಗೆ ಬಂದು, “ಬಂದದ್ದು ಬಂದಾಯ್ತು, ಶಾಮಿಯಾನ ಹಾಕಿ ಹೋಗ್ರಪ್ಪ, ಕುರಿಗಳಿಗೆ ನೆರಳಾದ್ರೂ ಆಗತ್ತೆ” ಅಂದನಂತೆ. ಲಾರಿ ಕಳಿಸುವ ಡಾಟ್ ಅವತ್ತಿನಿಂದ ಯಾವ ಪರದೆಯನ್ನೂ ನಂಬದೆ ಗೋಡೆಯ ಬೋರ್ಡಿನ ಮೇಲೆ ಎಲ್ಲವನ್ನೂ ಕೈಯಲ್ಲಿ ಬರೆಯುತ್ತಿದ್ದಳು. ಮೂರನ್ನೂ ಜೋಡಿಸುವ ಕ್ಲೌಡ್ ವೇದಿಕೆ ಒಂದನ್ನು ಕೊಂಡುಬಿಡೋಣ, ಯಾವುದು ಒಳ್ಳೆಯದೋ ಹೋಲಿಸಿ ಹೇಳು ಎಂದು ಮೆರ್ವ್ ನೆರಿಡಾಳಿಗೆ ಒಪ್ಪಿಸಿದ್ದ. ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ಅವಳ ತಲೆಗೆ. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದದ್ದು ಎರಡು: ಸಿಡ್ನಿಯಲ್ಲಿ ಗಾಜಿನ ಕಚೇರಿಯಿದ್ದ ದೊಡ್ಡ ಕಂಪನಿಯ ‘ಆರ್ಬಿಲಿಂಕ್’, ಮೆಲ್ಬರ್ನಿನ ಚಿಕ್ಕ ಕಂಪನಿಯೊಂದರ ‘ಕಲ್ವರ್ಟ್’. “ಹೆಸರೇ ಮೋರಿ ಅಂತ ಇಟ್ಟುಕೊಂಡಿದಾರಲ್ಲ, ನಮ್ಮ ಕಕ್ಕಸು ವ್ಯಾಪಾರಕ್ಕೆ ಹೇಳಿ ಮಾಡಿಸಿದ ಹಾಗಿದೆ” ಎಂದು ಮೆರ್ವ್ ಮೇಜು ಕುಟ್ಟಿಕೊಂಡು ನಕ್ಕಿದ್ದ.

ಆ ಕಲ್ವರ್ಟಿನವನೇ ಸ್ಪೈರೋ. ಮೂರು ವಾರದ ಹಿಂದೆ ವಿಡಿಯೋ ಕರೆಯಲ್ಲಿ ತನ್ನ ಸಾಫ್ಟ್‌ವೇರನ್ನು ಮೊದಲ ಸಲ ತೋರಿಸಿದ್ದ. ಅಗಲ ಹಣೆ, ಇಸ್ತ್ರಿಯ ಗೆರೆ ಇನ್ನೂ ಬಿಟ್ಟಿರದ ಹೊಸ ಷರಟು, ಹಿಂದೆ ಗೋಡೆಯ ಮೇಲೆ ಓರೆಯಾಗಿ ತೂಗುತ್ತಿದ್ದ ಗಡಿಯಾರ. ಒಂದೊಂದು ಗುಂಡಿ ಒತ್ತಿದಾಗಲೂ “ಸೊಗಸು!” ಅನ್ನುತ್ತಿದ್ದ. ಆರ್ಡರು ಬಂದರೆ ಸೊಗಸು, ಲೆಕ್ಕಕ್ಕೆ ಹೋದರೆ ಸೊಗಸು. ನಡುವೆ ಪರದೆಯೆಲ್ಲ ಬಿಳಿಚಿಕೊಂಡು ಏನೂ ಕಾಣದೆ ಹೋದಾಗಲೂ ಅಭ್ಯಾಸಬಲದಿಂದ “ಸೊಗಸು” ಎಂದೇ ಅಂದ. ನೆರಿಡಾ ತನ್ನ ಮೈಕು ಮುಚ್ಚಿದೆ ಅಂದುಕೊಂಡು ಪಕ್ಕದಲ್ಲಿದ್ದ ಮೆರ್ವ್‌ಗೆ, “ಈ ಮನುಷ್ಯನ ಮನೆ ಹೊತ್ತಿ ಉರೀತಿದ್ರೂ ಎದುರಿಗೆ ನಿಂತು ಸೊಗಸು ಅಂತಾನೆ. ಇವನ್ನ ಯಾರು ಕೆಲಸಕ್ಕೆ ಇಟ್ಕೊಂಡ್ರೋ, ಸೋದರಮಾವನೇ ಇರ್ಬೇಕು” ಎಂದಳು. ಮೆರ್ವ್ ಕುರ್ಚಿಯಿಂದ ಬೀಳುವಷ್ಟು ನಕ್ಕ. ಅವಳು ತನ್ನ ಮಾತಿನ ರುಚಿ ಇನ್ನೂ ನಾಲಿಗೆಯ ಮೇಲಿರುವಾಗಲೇ ಪರದೆಯ ಮೂಲೆ ನೋಡಿದಳು. ಮೈಕು ತೆರೆದೇ ಇತ್ತು. ಸ್ಪೈರೋ ಒಂದು ಗುಟುಕು ನೀರು ಕುಡಿದು ಲೋಟವನ್ನು ಬಹಳ ಜೋಪಾನವಾಗಿ ಕೆಳಗಿಟ್ಟ. ಆಮೇಲೆ ಪರದೆ ಸರಿಹೋಯಿತು, ಉಳಿದದ್ದನ್ನೆಲ್ಲ ತೋರಿಸಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಆದರೆ ಸೊಗಸು ಎಂಬ ಪದ ಮತ್ತೆ ಅವನ ಬಾಯಿಂದ ಬರಲಿಲ್ಲ. ಸಾಕ್ಷಿ ಅಷ್ಟೇ. ನೀರು ಗಂಟಲಿಗೆ ಸಿಕ್ಕಿ ಅಭ್ಯಾಸ ತಪ್ಪಿರಬಹುದು ಎಂದು ಒಂದು ಮನಸ್ಸು ವಕಾಲತ್ತು ಮಾಡಿದರೆ ಇನ್ನೊಂದು ಸುಮ್ಮನೆ ಅವಳ ಮುಖವನ್ನೇ ನೋಡುತ್ತಿತ್ತು.

ಮಾತು ಅಷ್ಟಕ್ಕೇ ನಿಂತಿದ್ದರೆ ಬೇರೆ. ಹೋದ ವಾರ ಆರ್ಬಿಲಿಂಕಿನ ಇಮೋಜೆನ್ ಫೋನ್ ಮಾಡಿ, ನೆರಿಡಾಳ ನಾಯಿಯ ಕಾಲು ಹೇಗಿದೆ ಎಂದು ಕೇಳಿ, ನಡುವೆ ಹಾಗೇ ಸುಮ್ಮನೆ ಅನ್ನುವಂತೆ, “ನಿಮ್ಮಲ್ಲಿ ತೊಡಕಿನ ಆರ್ಡರು ಯಾವುದಾದ್ರೂ ಇದ್ರೆ ಮೊದಲೇ ಕಳಿಸಿ ನೆರಿಡಾ, ಪ್ರಯತ್ನಿಸಿ ನೋಡ್ತೀವಿ” ಎಂದಿದ್ದಳು. ಅಂಥದ್ದೊಂದು ಇತ್ತು. ಎರಡೂ ಕಂಪನಿಗಳ ಪರೀಕ್ಷೆಗೆಂದೇ ಡಾಟ್ ಆರಿಸಿಟ್ಟದ್ದು: ಒಬ್ಬ ಹುಡುಗಿ ಮದುವೆಗೆ ಶಾಮಿಯಾನ ಹೇಳಿ, ರದ್ದು ಮಾಡಿ, ಹದಿನೈದು ದಿನದ ಮೇಲೆ ಅದೇ ತಾರೀಖಿಗೆ ಮತ್ತೆ ಹೇಳಿದ್ದಳು, ಗಂಡು ಮಾತ್ರ ಬೇರೆ. ನೆರಿಡಾ ಅದನ್ನು ಆ ಸಂಜೆಯೇ ಇಮೋಜೆನ್‌ಗೆ ಕಳಿಸಿದಳು. ಒಬ್ಬರಿಗೆ ಕಳಿಸಿದ್ದನ್ನು ಇನ್ನೊಬ್ಬರಿಗೂ ಕಳಿಸಬೇಕು, ಹೋಲಿಕೆ ಎಂದರೆ ಅದೇ ತಾನೆ. ಸ್ಪೈರೋನ ವಿಳಾಸ ಹಾಕಿ, ‘ನಮಸ್ಕಾರ ಸ್ಪೈರೋ’ ಎಂದು ಬೆರಳಾಡಿಸಿ, ಅಲ್ಲಿಗೇ ನಿಂತಳು. ಏನು ಬರೆದರೂ ಆ ಮಾತು ಹಿಂದೆ ನಿಂತು ಇಣುಕುತ್ತಿತ್ತು. ನಾಳೆ ಕಳಿಸೋಣ ಎಂದು ಮುಚ್ಚಿದಳು, ನಾಳೆಯೂ ಹಾಗೇ ಆಯಿತು. ಅವನನ್ನು ಹಂಗಿಸಿದ್ದು ತಾನು, ಅದಕ್ಕೆ ದಂಡ ತೆರುವವನೂ ಅವನೇ ಆದನಲ್ಲ ಎಂಬುದು ಇವತ್ತು ಈ ಕಾರಿನಲ್ಲಿ ಕೂತಾಗಲೇ ಅವಳಿಗೆ ನೇರವಾಗಿ ಹೊಳೆದದ್ದು. ಹೊಳೆದ ತಕ್ಷಣ ಅವಳು ಇಳಿದಳು, ಇಳಿಯುವ ಹೊತ್ತಿಗೆ ಸ್ಪೈರೋ ಆಗಲೇ ಕಾರಿನ ಮುಂದೆ ನಿಂತಿದ್ದ.

“ನೆರಿಡಾ ಅಲ್ವಾ? ವಿಡಿಯೋದಲ್ಲಿ ಎತ್ತರ ಗೊತ್ತಾಗಲ್ಲ ನೋಡಿ.” ಅವನು ಅವಳ ಭುಜಕ್ಕೆ ಬರುತ್ತಿದ್ದ. ಕೈಯಲ್ಲಿ ಲ್ಯಾಪ್‌ಟಾಪಿನ ಚೀಲ, ವಿಮಾನದಲ್ಲಿ ಕೊಟ್ಟ ಬಿಸ್ಕತ್ತಿನ ಪೊಟ್ಟಣ.

“ಪ್ರಯಾಣ ಹೇಗಿತ್ತು?”

“ಚೆನ್ನಾಗಿತ್ತು. ಏರೋದ್ರೊಳಗೆ ಇಳಿದ್ವಿ.”

ದಾರಿಯುದ್ದಕ್ಕೂ ಅವನು ಮೆಲ್ಬರ್ನಿನ ನಿಲ್ದಾಣದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದ್ದನ್ನು ಹೇಳಿದ, ಇಲ್ಲಿಯ ನದಿಯಲ್ಲಿ ಅಷ್ಟು ಕೆಸರು ಯಾಕೆ ಎಂದು ಕೇಳಿದ. ಅವಳು ಪ್ರತಿ ಮಾತಿನಲ್ಲೂ ಕೊಕ್ಕೆ ಹುಡುಕಿದಳು, ಸಿಗಲಿಲ್ಲ. ಆ ಸೌಜನ್ಯವೇ ಅವಳನ್ನು ಕೊಲ್ಲುತ್ತಿತ್ತು, ಏಕೆಂದರೆ ಆ ತರಹದ ಸೌಜನ್ಯ ಅವಳಿಗೆ ಹೊಸದಲ್ಲ. ತಂಗಿಯ ಮದುವೆಯಲ್ಲಿ ಮೈಕು ಹಿಡಿದು ಮದುಮಗ ಹೋವರ್ಡ್‌ನ ತೊದಲಿನ ಮೇಲೆ ಒಂದು ಹಾಸ್ಯ ಮಾಡಿದ್ದಳು: ಇವನು ಮದುವೆ ಆಗ್ತೀಯಾ ಅಂತ ಪೂರ್ತಿ ಕೇಳೋ ಹೊತ್ತಿಗೆ ನಮ್ಮ ಹುಡುಗಿಗೆ ಯೋಚನೆ ಮಾಡೋಕೆ ಬೇಕಾದಷ್ಟು ಸಮಯ ಸಿಕ್ಕಿತ್ತು. ಶಾಮಿಯಾನವೇ ಬಿದ್ದುಹೋಗುವಂತೆ ಜನ ನಕ್ಕರು, ಹೋವರ್ಡ್ ಕೂಡ ನಕ್ಕ. ಅವತ್ತಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಅವನು ಹುರಿದ ಆಲೂಗಡ್ಡೆಯ ತಟ್ಟೆಯನ್ನು ಮೊದಲು ಅವಳಿಗೇ ದಾಟಿಸುತ್ತಾನೆ, ತುಟಿ ಬಿಚ್ಚದೆ, ನಗುತ್ತಾ. ಅವನು ಒಮ್ಮೆ ಆ ತಟ್ಟೆಯನ್ನು ಅವಳ ತಲೆಯ ಮೇಲೆ ಸುರಿದಿದ್ದರೆ ಎಷ್ಟು ಸುಖವಿತ್ತು! “ಹಸಿರು ದೀಪ ಬಂತು” ಎಂದ ಸ್ಪೈರೋ ಪಕ್ಕದಿಂದ, ಮೆಲ್ಲಗೆ. ಹಿಂದಿನ ಕಾರುಗಳು ಕಾಯುತ್ತಿದ್ದವು.

ಡಿಪೋದ ಅಂಗಳದಲ್ಲಿ ನೀಲಿ ಟಾಯ್ಲೆಟ್ಟುಗಳು ತೊಳೆಸಿಕೊಂಡು ಬಾಗಿಲು ತೆರೆದು ಬಿಸಿಲಿಗೆ ಒಣಗುತ್ತಿದ್ದವು. ಊಟದ ಕೋಣೆಯಲ್ಲಿ ಮೆರ್ವ್ ಆಗಲೇ ಹೊಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದ. ಡಾಟ್ ಬಾಗಿಲ ಬಳಿ ನಿಂತೇ ಇದ್ದಳು, ಬೇಕಾದಾಗ ಹೊರಟುಹೋಗುವ ಹಕ್ಕನ್ನು ಬಿಟ್ಟುಕೊಡದವಳಂತೆ. ಸ್ಪೈರೋ ತೋರಿಸುತ್ತಾ ಹೋದ. ಆರ್ಡರು ಬಂತು, ಲೆಕ್ಕಕ್ಕೆ ಹೋಯಿತು, ಲಾರಿಗೆ ಹೋಯಿತು. ಅವನು ಯಾವುದನ್ನೂ ಸೊಗಸು ಅನ್ನಲಿಲ್ಲ. ಗುಂಡಿ ಒತ್ತಿದಾಗಲೆಲ್ಲ ಅವನ ತುಟಿಗಳು ಒಂದಕ್ಕೊಂದು ತಾಗಿ ಬಿಡುತ್ತಿದ್ದವು, ಅಷ್ಟೇ. ಅದನ್ನು ಕಂಡದ್ದು ನೆರಿಡಾ ಒಬ್ಬಳೇ. ಆಮೇಲೆ ಮೆರ್ವ್, “ಈಗ ನಮ್ಮ ಮದುವೆ ಹುಡುಗಿ ಆರ್ಡರು ಹಾಕಪ್ಪ” ಎಂದ. ಸ್ಪೈರೋ ಆ ಆರ್ಡರನ್ನು ಮೊದಲ ಸಲ ಓದಿದ, ಕನ್ನಡಕ ತೆಗೆದು ಮತ್ತೊಮ್ಮೆ ಓದಿದ, ಒತ್ತಿದ. ಪರದೆಯ ಮೇಲೆ ಒಂದು ಕೆಂಪು ಸಾಲು ಬಂದು ಹಾಗೇ ಕೂತಿತು.

“ನಿಂತ್ಬಿಟ್ಟಿದೆ” ಎಂದ.

“ಯಾಕಂತೆ?”

“ಒಂದೇ ವಧು, ಒಂದೇ ತಾರೀಖು, ಎರಡು ಆರ್ಡರು. ಒಂದು ರದ್ದಾಗಿದೆ, ಇನ್ನೊಂದರಲ್ಲಿ ಗಂಡು ಬೇರೆ. ಯಾವುದನ್ನ ನಂಬಬೇಕು ಅಂತ ಅದಕ್ಕೆ ಗೊತ್ತಾಗ್ತಿಲ್ಲ.”

“ಆ ಹುಡುಗಿಗೇ ಗೊತ್ತಿರ್ಲಿಲ್ಲ, ಪಾಪ, ಅದಕ್ಕೆ ಹೇಗೆ ಗೊತ್ತಾಗ್ಬೇಕು” ಎಂದಳು ಡಾಟ್.

“ಮೊನ್ನೆ ಆರ್ಬಿಲಿಂಕಿನವರದು ಸಲೀಸಾಗಿ ಹೋಯ್ತಲ್ಲ ಮಾರಾಯ” ಎಂದು ಮೆರ್ವ್ ಹುಬ್ಬೇರಿಸಿ ನೆರಿಡಾಳ ಕಡೆ ತಿರುಗಿದ. ಆ ಹುಬ್ಬು ಅವಳಿಗೆ ಗೊತ್ತು. ಎಸೆಯಲು ಚೆಂಡು ಕೈಗೆ ಕೊಟ್ಟಂತೆ, ಹೇಳಮ್ಮ ಈಗ ಒಂದು ಅನ್ನುವ ಹುಬ್ಬು. ಸ್ಪೈರೋ ಕೂಡ ಅದನ್ನು ನೋಡಿದ. ನೋಡಿ, ಚಳಿಗಾಳಿ ಬೀಸುವ ಮೊದಲು ಕಾಲರು ಸರಿಮಾಡಿಕೊಳ್ಳುವವನಂತೆ ಕುತ್ತಿಗೆಯನ್ನು ಚೂರು ಒಳಗೆಳೆದುಕೊಂಡ. ಕೇಳಿಸಿಕೊಂಡಿದ್ದ. ನೆರಿಡಾ ಮೂರು ವಾರ ತನ್ನನ್ನೇ ಕೇಳಿಕೊಂಡ ಪ್ರಶ್ನೆಗೆ ಉತ್ತರ ಅಲ್ಲಿ, ಆ ಗಿಡ್ಡ ಕುತ್ತಿಗೆಯಲ್ಲಿ ಇತ್ತು.

“ಆರ್ಬಿಲಿಂಕಿನವರಿಗೆ ಈ ಆರ್ಡರು ಮೊದಲೇ ಸಿಕ್ಕಿತ್ತು ಮೆರ್ವ್. ನಾನೇ ಕಳಿಸಿದ್ದೆ. ಇವರಿಗೆ ಕಳಿಸ್ಲಿಲ್ಲ.”

ಫ್ರಿಜ್ಜು ಒಮ್ಮೆ ಗುಡುಗುಟ್ಟಿ ಸುಮ್ಮನಾಯಿತು. “ನೀನು ಮರೆತೆ” ಎಂದ ಮೆರ್ವ್, ಪ್ರಶ್ನೆಯಂತಲ್ಲ, ಚಾಚಿದ ಕೈಯಂತೆ.

“ಮರೀಲಿಲ್ಲ.”

ಸ್ಪೈರೋ ಪರದೆಯನ್ನೇ ನೋಡುತ್ತಾ, “ನಾನೂ ಫೋನ್ ಮಾಡಿ ಕೇಳಬಹುದಿತ್ತು. ಯಾವಾಗ್ಲೂ ಕೇಳ್ತೀನಿ. ಈ ಸಲ ಯಾಕೋ ಮಾಡ್ಲಿಲ್ಲ” ಎಂದ.

ಅಹಿತಕರವಾದ ಯಾವುದೂ ಊಟದ ಕೋಣೆಯಲ್ಲಿ ನಡೆಯಬಾರದೆಂದು ನಂಬಿದ್ದ ಮೆರ್ವ್ ದಡಕ್ಕನೆ ಎದ್ದ. “ಹಸಿದ ಹೊಟ್ಟೇಲಿ ಇವೆಲ್ಲ ಮಾತಾಡಬಾರದು. ಸ್ಕಾಲಪ್ ಪೈ ತರಿಸ್ತೀನಿ. ಸ್ಪೈರೋ, ಊಟ ಆಗೋವರೆಗೆ ನಿನಗೆ ಟೈಮು. ಸರಿನಾ?”

ಸ್ಪೈರೋ ಒಂದು ಕೈಯಲ್ಲಿ ಚಿಪ್ಪುಮೀನು ತುಂಬಿದ ಬಿಸಿ ಪೈ ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡಿದ. ಲ್ಯಾಪ್‌ಟಾಪಿನ ಮೇಲೆ ಹಳದಿ ಮಸಾಲೆ ತೊಟ್ಟಿಕ್ಕಿದರೆ ತೋಳಿನಿಂದಲೇ ಒರೆಸಿಕೊಂಡ, ಆಗಾಗ ಡಾಟ್‌ಳನ್ನು ಕರೆದು, ಹೀಗೆ ಬಂದರೆ ನೀವೇನು ಮಾಡ್ತೀರಿ, ಹಾಗೆ ಬಂದರೆ ಏನು ಎಂದು ಕೇಳಿದ. ಡಾಟ್ ಮೊದಲು ನಿಂತು ಹೇಳಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಮೆರ್ವ್ ಎರಡನೆಯ ಸಲ ಟೀ ಸುರಿಯುವ ಹೊತ್ತಿಗೆ ಆರ್ಡರು ಮುಂದಕ್ಕೆ ಹರಿಯಿತು. ಹಳೆಯ ಗಂಡು ಹೋಗಿ ಹೊಸ ಗಂಡು ಬಂದು, ಪರದೆಯ ಮೇಲೆ ಲಾರಿ ಒಂದೇ ಸಲ, ಸರಿಯಾದ ಮನೆಗೆ ಹೊರಟಿತು. ಲೆಕ್ಕದ ಸಾಫ್ಟ್‌ವೇರಿಗೆ ನಿಮ್ಮಲ್ಲಿ ಜೋಡಣೆ ತಯಾರಿದೆಯಾ ಎಂದು ಮೆರ್ವ್ ಕೇಳಿದ. ಇವತ್ತು ತೋರಿಸಿದ್ದು ಮಾದರಿಗೆ, ನಿಜವಾದದ್ದನ್ನು ಹೊಸದಾಗಿ ಬರೆಯಬೇಕು ಎಂದ ಸ್ಪೈರೋ. ಎಷ್ಟು ದಿನ? “ಕ್ರಿಸ್‌ಮಸ್ ಹೊತ್ತಿಗೆ. ಅದಕ್ಕೂ ಮುಂಚೆ ಅಂದ್ರೆ ಸುಳ್ಳಾಗತ್ತೆ.” ಹೇಳಿ, ಫೋನ್ ಮಾಡಬೇಕು ಎಂದು ಅಂಗಳಕ್ಕೆ ಹೋದ. ಕಿಟಕಿಯಲ್ಲಿ ಅವನು ನೀಲಿ ಬಾಗಿಲುಗಳ ನಡುವೆ ಅತ್ತಿಂದಿತ್ತ ಓಡಾಡುವುದು, ಆ ಕಡೆಯವರು ಏನೋ ಅಂದದ್ದಕ್ಕೆ ತಲೆ ಆಡಿಸುವುದು ಕಾಣುತ್ತಿತ್ತು.

“ನನಗೆ ಇದೇ ಇರ್ಲಿ” ಎಂದಳು ಡಾಟ್. “ಅದು ನಿಂತಿತಲ್ಲ, ಅದೇ ನನಗೆ ಬೇಕಾದ್ದು. ಆವತ್ತೂ ಹಾಗೆ ನಿಂತಿದ್ರೆ ಆ ಹುಡುಗಿ ಮನೆ ಬಾಗಿಲಿಗೆ ನಾನು ಕುರ್ಚಿ ಕಳಿಸ್ತಿರ್ಲಿಲ್ಲ.”

“ಮದುವೆಗಳೆಲ್ಲ ಇರೋದು ಕ್ರಿಸ್‌ಮಸ್ಸಿಗೆ ಮುಂಚೆ ಡಾಟ್. ಆರ್ಬಿಲಿಂಕ್ ನಾಳೆ ಬೆಳಿಗ್ಗೆ ಬಂದು ಕೂರತ್ತೆ” ಎಂದ ಮೆರ್ವ್. ಆಮೇಲೆ ಇಬ್ಬರೂ ನೆರಿಡಾಳ ಕಡೆ ನೋಡಿದರು.

ಕಲ್ವರ್ಟ್ ಅಂದುಬಿಟ್ಟರೆ ಎಲ್ಲ ತೊಳೆದುಹೋಗುತ್ತದೆ ಎಂದು ನೆರಿಡಾಳಿಗೆ ತಕ್ಷಣ ಅನ್ನಿಸಿತು. ಮನುಷ್ಯನಿಗೆ ವ್ಯಾಪಾರ, ಡಾಟ್‌ಗೆ ಸಮಾಧಾನ, ತನಗೆ ರಾತ್ರಿ ನಿದ್ದೆ, ಒಂದೇ ಪದದಲ್ಲಿ. ನಾಲಿಗೆಯ ತುದಿಗೂ ಬಂದಿತ್ತು. ಆದರೆ ತುದಿಗೆ ಬಂದದ್ದರ ರುಚಿ ಅವಳಿಗೆ ಚೆನ್ನಾಗಿ ಗೊತ್ತು. ಆ ದಿನ ಮೈಕಿನ ಮುಂದೆಯೂ ಹೀಗೇ ಬಂದಿತ್ತು, ಇಷ್ಟೇ ಸಿಹಿಯಾಗಿ, ಇಷ್ಟೇ ಸಲೀಸಾಗಿ. ನವೆಂಬರಿನ ಶನಿವಾರಗಳು ಕಣ್ಣಿಗೆ ಬಂದವು, ಒಂದೊಂದರಲ್ಲೂ ನಾಲ್ಕೈದು ಮದುವೆ, ಬೋರ್ಡಿನ ಮುಂದೆ ಬೆರಳಿಗೆ ಇಂಕು ಮೆತ್ತಿಕೊಂಡ ಡಾಟ್. ತನ್ನ ಮೈಯ ಉರಿ ಆರಿಸಿಕೊಳ್ಳಲು ಇನ್ಯಾರದೋ ಹುಡುಗಿಯ ಅಂಗಳಕ್ಕೆ ಇನ್ನೊಂದು ಲಾರಿ ಹೋಗಬೇಕೇ?

“ಆರ್ಬಿಲಿಂಕ್” ಎಂದಳು.

“ಥೂ” ಎಂದು ಡಾಟ್ ಎದ್ದು ಹೊರಗೆ ಹೋದಳು.

ಸಂಜೆ ನೆರಿಡಾ ಸ್ಪೈರೋನನ್ನು ಕೂರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಹೊರಟಳು. ಮೆರ್ವ್, “ಸೋಮವಾರ ಒಂದು ಮೇಲ್ ಹಾಕಿದ್ರಾಯ್ತು” ಎಂದಿದ್ದ. ಅದು ಎಂದಿನ ಪದ್ಧತಿ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೆದ್ದಾರಿ ಸಿಕ್ಕಿದ ಮೇಲೆ ಅವಳು ರಸ್ತೆಯ ಮೇಲೆಯೇ ಕಣ್ಣಿಟ್ಟು, “ಆರ್ಬಿಲಿಂಕ್ ತಗೊಳ್ತಿದೀವಿ ಸ್ಪೈರೋ. ಕೊನೆ ಮಾತು ನನ್ನದೇ ಆಗಿತ್ತು” ಎಂದಳು.

“ಗೊತ್ತಾಯ್ತು.”

“ಹೇಗೆ?”

“ಡಾಟ್ ಬಂದು ಇನ್ನೊಂದು ಪೈ ಕೊಟ್ರು.” ಅವನು ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ. “ಕ್ರಿಸ್‌ಮಸ್ ಅಂದಾಗಲೇ ಹೋಯ್ತು ಅಂದ್ಕೊಂಡೆ. ಪರವಾಗಿಲ್ಲ. ಅಲ್ಲ, ಪರವಾಗಿದೆ, ಫೋನಲ್ಲಿ ಬೈಸಿಕೊಂಡೆ. ಆದ್ರೂ ಸರಿ.”

“ಆವತ್ತು ನಾನು ಆಡಿದ ಮಾತು...”

“ಹಾಂ, ಅದೊಂದು ಕೇಳಬೇಕು ಅಂತ ಬೆಳಗಿಂದ ಅಂದ್ಕೊಳ್ತಿದೀನಿ. ನಿಮಗೆ ಯಾರು ಹೇಳಿದ್ರು?”

“ಏನನ್ನ?”

“ನಮ್ಮ ಸೋದರಮಾವನ ವಿಷಯ.”

ಅವಳು ಅರ್ಥವಾಗದೆ ಪಕ್ಕಕ್ಕೆ ತಿರುಗಿದಳು. ಸ್ಪೈರೋ ಕಿಟಕಿಯ ಆಚೆ ನೋಡುತ್ತಾ ಹೇಳಿದ: ಕಾರು ಕಾರ್ಖಾನೆ ಮುಚ್ಚಿದ ಮೇಲೆ ಎಲ್ಲೂ ಕೆಲಸವಿರಲಿಲ್ಲ, ಐವತ್ತು ದಾಟಿದವನನ್ನು ಯಾರು ತಗೊಳ್ತಾರೆ. ಕಲ್ವರ್ಟ್ ನಡೆಸುವುದು ಅವನ ಅಮ್ಮನ ತಮ್ಮ, ಇವನಿಗಿಂತ ಎರಡೇ ವರ್ಷ ದೊಡ್ಡವನು. ಅಮ್ಮ ಹೋಗಿ ಅತ್ತು ಕರೆದು ಕೇಳಿಕೊಂಡಳು. ಕಚೇರಿಯಲ್ಲಿ ಯಾರಿಗೂ ತಿಳಿಯದು. ಮಾವನೂ ಎಲ್ಲರ ಎದುರು ಸ್ಪೈರೋ ಅವರೇ ಅನ್ನುತ್ತಾನೆ.

“ದೇವರಾಣೆ ನನಗೆ ಗೊತ್ತಿರ್ಲಿಲ್ಲ. ಸುಮ್ನೆ ಬಾಯಿಗೆ ಬಂದದ್ದು.”

“ಸುಮ್ನೆ?” ಅವನ ದನಿಯಲ್ಲಿ ನಿರಾಶೆಯಂಥದ್ದು ಇತ್ತು. “ಮೂರು ವಾರ ಆಫೀಸಲ್ಲಿ ಒಬ್ಬೊಬ್ಬರ ಮುಖಾನೂ ನೋಡಿದೀನಲ್ಲ, ಹೇಳಿದ್ದು ಇವನೋ ಅವಳೋ ಅಂತ. ಮುಂದಿನ ಮೇಜಿನ ಹುಡುಗಿ ಜೊತೆ ಮಾತೇ ಬಿಟ್ಟಿದೀನಿ. ಅವಳು ದಿನಾ ಗುಡ್ ಮಾರ್ನಿಂಗ್ ಅಂತಾಳೆ, ನಾನು ಗೋಡೆ ನೋಡ್ಕೊಂಡು ಹೋಗ್ತೀನಿ. ಅಯ್ಯೋ ದೇವರೇ! ನಾಳೆ ಅವಳಿಗೆ ಕಾಫಿ ಕೊಡಿಸ್ಬೇಕು. ಏನಂತ ಕೊಡಿಸ್ಲಿ?”

“ತಪ್ಪಾಯ್ತು ಸ್ಪೈರೋ.”

“ತುಂಬಾ ಉರೀತು” ಎಂದ ಅವನು, ಹವಾಮಾನ ಹೇಳುವವನಂತೆ. “ನಿಜ ಆದ್ರಿಂದ ಉರೀತೋ, ಸುಳ್ಳಾಗಿದ್ರೂ ಉರೀತಿತ್ತೋ, ಗೊತ್ತಿಲ್ಲ. ಆ ತಿರುವು ನಮ್ದಲ್ವಾ?”

ನಿಲ್ದಾಣದ ತಿರುವು ಹಿಂದೆ ಸರಿದುಹೋಗಿತ್ತು. ಮುಂದಿನ ಫಲಕ ದ್ವೀಪದ ಇನ್ನೊಂದು ತುದಿಯ ಹೋಬಾರ್ಟಿನ ದೂರ ತೋರಿಸುತ್ತಿತ್ತು. ಅವಳು ಬೈದುಕೊಳ್ಳುತ್ತಾ ಯಾವುದೋ ತೋಟದ ಗೇಟಿನ ಮುಂದೆ ಕಾರು ತಿರುಗಿಸಲು ಹೋಗಿ ಜಲ್ಲಿಯಲ್ಲಿ ಚಕ್ರ ಸಿಕ್ಕಿಸಿಕೊಂಡಳು. ಒಂದು ನಾಯಿ ಓಡಿಬಂದು ಬಂಪರಿಗೆ ಬೊಗಳಿ, ತನ್ನ ಕರ್ತವ್ಯ ಮುಗಿಯಿತೆಂದು ಹಿಂತಿರುಗಿತು. ಸ್ಪೈರೋ ಇಳಿದು ತಳ್ಳಿ, ಕೈಯನ್ನು ಷರಟಿಗೇ ಒರೆಸಿಕೊಂಡ. ನಿಲ್ದಾಣ ಮುಟ್ಟುವ ಹೊತ್ತಿಗೆ ಅವನ ಹೊಸ ಷರಟಿನ ಎದೆಯ ಮೇಲೆ ಧೂಳಿನ ಎರಡು ಅಂಗೈ ಮೂಡಿದ್ದವು, ವಿಮಾನ ಹತ್ತಲು ಕರೆಯುತ್ತಿದ್ದರು. ಅವನು ಇಳಿದು, ಬಾಗಿಲು ಹಾಕಿ, ಎರಡು ಹೆಜ್ಜೆ ಹೋಗಿ, ಏನೋ ಮರೆತವನಂತೆ ಹಿಂದೆ ಬಂದು ಕಿಟಕಿಗೆ ಬಗ್ಗಿದ.

“ನೋಡು ನೆರಿಡಾ, ನಮ್ಮ ಕಲ್ವರ್ಟಿಗೆ ದಾರಿ ಗೊತ್ತಾಗದಿದ್ರೆ ನಿಂತ್ಬಿಡತ್ತೆ. ನಿನ್ನ ಹಾಗೆ ಹೋಬಾರ್ಟಿಗೆ ಹೋಗಲ್ಲ.”

ಮಾತು ಮೊದಲು ತಾಗಿತು, ಆಮೇಲೆ ತಿಳಿಯಿತು. ಬೆಳಗಿನಿಂದ ‘ನೀವು’ ಎನ್ನುತ್ತಿದ್ದವನು ‘ನೀನು’ ಎಂದದ್ದು ಇನ್ನೂ ತಡವಾಗಿ ತಿಳಿಯಿತು. ನೆರಿಡಾಳ ಕಿವಿಗಳು ಬಿಸಿಯಾದವು, ಮೂಗಿನವರೆಗೂ ನೆತ್ತರು ಏರಿತು, ಒಂದು ಕ್ಷಣ ಅವಳಿಗೆ ನಿಜವಾಗಿ ಸಿಟ್ಟೇ ಬಂತು: ನನಗೆ ಕಾರು ಓಡಿಸಲು ಬರುವುದಿಲ್ಲವೇ, ಇವನಿಗೇನು ಗೊತ್ತು? ಅದರ ಬೆನ್ನಿಗೇ, ಹೊಟ್ಟೆಯ ಎಲ್ಲೋ ಕೆಳಗಿನಿಂದ, ತಡೆಯಲಾರದಂತೆ ನಗು ನುಗ್ಗಿ ಬಂತು. ಸ್ಪೈರೋ ಗಾಜಿನ ಬಾಗಿಲ ಹತ್ತಿರ ಹೋದವನು, ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಿಸುವ ನೆಪದಲ್ಲಿ ತಿರುಗಿ, ಅವಳು ನಗುತ್ತಿದ್ದಾಳೋ ಇಲ್ಲವೋ ಎಂದು ನೋಡಿದ. ಹಿಂದಿನ ಟ್ಯಾಕ್ಸಿಯವನು ಹಾರನ್ ಹೊಡೆದ. ಅವಳು ಕಣ್ಣೊರೆಸಿಕೊಂಡು ಗೇರು ಹಾಕಿದಳು. ಕಿವಿಗಳು ಇನ್ನೂ ಉರಿಯುತ್ತಿದ್ದವು.